ಓದಿನ ವಹಿ ಕಟ್ಟುವುದು: 12 ಫಾರಂ, 90 ಪುಸ್ತಕ, ಒಂದು ಮಳೆಗಾಲ

ಈ ವರ್ಷ ಓದಿದ್ದನ್ನೆಲ್ಲ ಬರೆದಿಡುತ್ತೇನೆ ಎಂದು ಜನವರಿಯಲ್ಲಿ ತೆಗೆದ ಡೈರಿ ಯುಗಾದಿ ಹೊತ್ತಿಗೆ ಹಾಲಿನ ಲೆಕ್ಕಕ್ಕೆ ತಿರುಗಿರುತ್ತದೆ. ಸೋಮಾರಿತನ ಎಂದು ಬೈದುಕೊಳ್ಳುವುದು ಸುಲಭ. ಆದರೆ ಹಾಗೆ ನಿಂತುಹೋದ ಡೈರಿಯನ್ನು ಕೈಗೆತ್ತಿಕೊಂಡು ನೋಡಿದರೆ ಅರ್ಧ ತಪ್ಪು ಡೈರಿಯದ್ದೇ. ಬಿಚ್ಚಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ದಿನಕ್ಕೊಂದು ಪುಟ ಎಂಬ ವ್ಯವಸ್ಥೆಯಲ್ಲಿ ಪುಸ್ತಕಕ್ಕೆ ಜಾಗವಿಲ್ಲ. ಪೆನ್ನು ಇನ್ನೊಂದು ಕೋಣೆಯಲ್ಲಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, 'ಮುಗಿದ ಮೇಲೆ ಬರೆದರಾಯಿತು' ಎಂಬ ಲೆಕ್ಕಾಚಾರ. ಮುನ್ನೂರು ಪುಟ ಓದಿ ಮುಗಿಸಿದವರ ತಲೆಯಲ್ಲಿ ಉಳಿಯುವುದು ಕೊನೆಯ ನಲವತ್ತು ಪುಟ. ವಿಮರ್ಶೆ ಆ ನಲವತ್ತು ಪುಟದ್ದೇ ಆಗುತ್ತದೆ.

ಇಲ್ಲಿರುವುದು ಒಂದು ವಹಿಯನ್ನು ಕೈಯಾರೆ ಕಟ್ಟಿ, ಗೆರೆ ಹಾಕಿ, ಅದರಿಂದ ವಿಮರ್ಶೆ ಹೊರಡಿಸುವ ತನಕದ ಕೆಲಸದ ದಾಖಲೆ. ಅಳತೆಗಳೆಲ್ಲ ಎ5 ಗಾತ್ರಕ್ಕೆ. ಹವೆಯ ಲೆಕ್ಕ ಹಾಸನ, ಚಿಕ್ಕಮಗಳೂರು ಜಿಲ್ಲೆಗಳದ್ದು. ಅಂದರೆ ಒಂದೇ ಜಿಲ್ಲೆಯೊಳಗೆ ಎರಡು ಹವೆ. ಅರಸೀಕೆರೆ, ಕಡೂರಿನ ಕಡೆ ಒಂದು ರಾತ್ರಿಯಲ್ಲಿ ಒಣಗುವ ರಟ್ಟು ಸಕಲೇಶಪುರ, ಮೂಡಿಗೆರೆಯಲ್ಲಿ ಜುಲೈ ತಿಂಗಳಾದರೆ ಮೂರು ದಿನ ಕೇಳುತ್ತದೆ.

ಮೊಬೈಲಿನಲ್ಲೇ ಬರೆದಿಡಬಹುದಲ್ಲ ಎಂದರೆ, ಇಡಬಹುದು. ಆದರೆ ಪುಟ ಸಂಖ್ಯೆ ಬರೆಯಲು ಮೊಬೈಲು ತೆಗೆದವರು ಪುಸ್ತಕಕ್ಕೆ ವಾಪಸು ಬರುವುದು ಹದಿನೈದು ನಿಮಿಷದ ಮೇಲೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೆ ಬ್ಯಾಟರಿಯನ್ನು ಟಾರ್ಚಿಗೆ ಉಳಿಸಿಕೊಳ್ಳುವುದು ಜಾಣತನ.

ಮೊದಲ ವಹಿ ಕೆಟ್ಟದ್ದು ಹೇಗೆ

ಮೊದಲ ಮಾದರಿಯಲ್ಲಿ 14 ಕಾಲಂ ಇದ್ದವು: ಪ್ರಕಾರ, ಉಪಪ್ರಕಾರ, ಬೆಲೆ, ಐದಕ್ಕೆ ಎಷ್ಟು ಅಂಕ, ಇಷ್ಟವಾದ ಪಾತ್ರ, ಕಲಿತ ಹೊಸ ಪದ, ಹೀಗೆ. ಅದು ಒಂಬತ್ತು ಪುಸ್ತಕಕ್ಕೆ ನಿಂತಿತು. ಅಂಕದ ಕಾಲಂನಲ್ಲಿ ಒಂಬತ್ತರಲ್ಲಿ ಏಳಕ್ಕೆ ಮೂರೂವರೆ ಬಿದ್ದಿತ್ತು. ಎಲ್ಲಕ್ಕೂ ಒಂದೇ ಉತ್ತರ ಬರುವ ಪ್ರಶ್ನೆಯನ್ನು ಕೇಳುವುದು ದಂಡ, ಆ ಕಾಲಂ ಹೋಯಿತು. ಬೆಲೆ, ಉಪಪ್ರಕಾರ, ಪಾತ್ರ, ಹೊಸ ಪದ, ಯಾವುದೂ ವಿಮರ್ಶೆ ಬರೆಯುವಾಗ ಒಮ್ಮೆಯೂ ಬಳಕೆಗೆ ಬರಲಿಲ್ಲ. ಬಳಕೆಗೆ ಬಂದದ್ದು ಒಂದೇ: ಅಂಚಿನಲ್ಲಿ ಗೀಚಿದ್ದ ಪುಟ ಸಂಖ್ಯೆಗಳು. ಅದಕ್ಕೆ ಆ ವಹಿಯಲ್ಲಿ ಕಾಲಂ ಇರಲೇ ಇಲ್ಲ.

ಎರಡನೆಯದು ಕಟ್ಟಿದ್ದೇ ಆ ಪುಟ ಸಂಖ್ಯೆಗಳಿಗೋಸ್ಕರ.

ಕಾಗದ, ಮತ್ತು ಅದರ ನಾರು

ಬೇಕಾಗುವುದು: 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಕದ) ಎ3 ಹಾಳೆ 24. ಇವನ್ನು ಅರ್ಧಕ್ಕೆ ಕತ್ತರಿಸಿದರೆ ಎ4 ಅಳತೆಯ 48. ನಾಲ್ಕು ನಾಲ್ಕು ಹಾಳೆ ಒಟ್ಟಿಗೆ ಮಡಚಿದರೆ 16 ಪುಟದ ಒಂದು ಫಾರಂ. 12 ಫಾರಂಗೆ 192 ಪುಟ.

ನೇರವಾಗಿ ಎ4 ರೀಮ್ ತರಬಾರದೇ? ತರಬಹುದು, ಆದರೆ ಅಲ್ಲೇ ಎಡವುವುದು. ಗಿರಣಿಯಲ್ಲಿ ಕಾಗದ ಹರಿಯುವ ದಿಕ್ಕಿಗೆ ನಾರುಗಳು ಮಲಗಿರುತ್ತವೆ. ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದದ ಅಂಚಿಗೆ, 297 ಮಿ.ಮೀ. ಅಂಚಿಗೆ, ಸಮನಾಗಿರುತ್ತದೆ. ಅದನ್ನು ಮಡಚಿ ಎ5 ಮಾಡಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಮಡಿಕೆ ಒಡಕಲಾಗಿ ಕಾಣುತ್ತದೆ, ಪುಸ್ತಕ ಬಿಚ್ಚಿಟ್ಟರೆ ಪುಟಗಳು ಕೋಲಿನ ಹಾಗೆ ಎದ್ದು ನಿಲ್ಲುತ್ತವೆ, ಬೆನ್ನಿಗೆ ಅಂಟು ಹಚ್ಚಿದ ಕೂಡಲೇ ಅಂಚು ಅಲೆಯಾಗುತ್ತದೆ. ಕಾಗದ ತೇವ ಕುಡಿದಾಗ ಹಿಗ್ಗುವುದು ನಾರಿನ ಅಡ್ಡಕ್ಕೆ, ಉದ್ದಕ್ಕಲ್ಲ. ಮಳೆಗಾಲದಲ್ಲಿ ಈ ತಪ್ಪು ದಿನವೂ ಕಣ್ಣಿಗೆ ಹೊಡೆಯುತ್ತದೆ. ಉದ್ದ ನಾರಿನ ಎ3 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದರೆ ಸಿಗುವ ಎ4ರಲ್ಲಿ ನಾರು 210ರ ಅಂಚಿಗೆ ಸಮನಾಗಿ, ಅಂದರೆ ಮುಂದೆ ಬೀಳುವ ಮಡಿಕೆಗೆ ಸಮನಾಗಿ ಬರುತ್ತದೆ. ಎ3 ತರುವುದು ಅದಕ್ಕೆ.

ನಾರಿನ ದಿಕ್ಕು ನಂಬಿಕೆಯ ಮೇಲೆ ಬಿಡಬೇಡಿ. ಹಾಳೆಯ ಮೂಲೆಯಿಂದ ಎರಡಂಗುಲದ ಚೌಕ ಕತ್ತರಿಸಿ, ಒಂದು ಮಗ್ಗುಲಿಗೆ ಒದ್ದೆ ಬೆರಳು ಸವರಿ. ಅದು ಕೊಳವೆಯ ಹಾಗೆ ಸುರುಳಿಕೊಳ್ಳುತ್ತದೆ. ಕೊಳವೆ ಉದ್ದಕ್ಕೆ ಯಾವ ದಿಕ್ಕೋ ನಾರೂ ಅದೇ ದಿಕ್ಕು. ಕಟಿಂಗ್ ಮೆಷಿನ್ ಇರುವ ಆಫ್‌ಸೆಟ್ ಪ್ರೆಸ್ಸಿನಲ್ಲಿ 'ಗ್ರೇನ್ ನೋಡಿ ಕಟ್ ಮಾಡಿ' ಎಂದರೆ ಅರ್ಥವಾಗುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಮುಖ ನೋಡುತ್ತಾರೆ.

ಉಳಿದ ಸಾಮಾನು: 2 ಮಿ.ಮೀ. ದಪ್ಪದ ಬೈಂಡಿಂಗ್ ರಟ್ಟು, ಕ್ಯಾಲಿಕೋ ಬಟ್ಟೆ, ಮೂರೆಳೆ ಲಿನನ್ ದಾರ ಎರಡೂವರೆ ಮೀಟರ್, ಅದಕ್ಕೆ ಸವರಲು ಜೇನುಮೇಣದ ಸಣ್ಣ ಉಂಡೆ, ಲಂಗಕ್ಕೆ ಹಾಕುವ 12 ಮಿ.ಮೀ. ಅಗಲದ ಹತ್ತಿಯ ಲಾಡಿ (80 ಮಿ.ಮೀ. ಉದ್ದದ ಎರಡು ತುಂಡು), ಮೆಡಿಕಲ್ ಅಂಗಡಿಯ ಗಾಜ್ ಬಟ್ಟೆ, ಬಿಳಿ ಪಿವಿಎ ಅಂಟು, ಹಿಡಿ ಮೈದಾ, ದಬ್ಬಣ, ಮೊಂಡು ಸೂಜಿ. ಮಡಿಕೆ ಉಜ್ಜಲು ಮೂಳೆಯ ಕಡ್ಡಿ ಹುಡುಕುತ್ತ ಕೂರಬೇಡಿ, ಸ್ಟೀಲ್ ಚಮಚದ ಬೆನ್ನು ಸಾಕು. ನೈಲಾನ್ ದಾರ ಬೇಡ. ಅದು ಹಿಗ್ಗುತ್ತದೆ, ಗಂಟು ಜಾರುತ್ತದೆ, ಬಿಗಿ ಎಳೆದರೆ ಮಡಿಕೆಯನ್ನು ಗರಗಸದ ಹಾಗೆ ಕೊಯ್ಯುತ್ತದೆ.

ಹೊಲಿಗೆ

ರಟ್ಟಿನ ಪಟ್ಟಿಯೊಂದಕ್ಕೆ ಮೇಲಿನಿಂದ 15, 60, 73, 137, 150, 195 ಮಿ.ಮೀ.ಗೆ ಗುರುತು ಹಾಕಿ. ಇದೇ ಅಚ್ಚು. ಫಾರಂ ಅರ್ಧ ಬಿಚ್ಚಿ, ಮಡಿಕೆಯೊಳಗೆ ಅಚ್ಚು ಇಟ್ಟು, ದಬ್ಬಣದಿಂದ ಒಳಗಿನಿಂದ ಹೊರಕ್ಕೆ ಚುಚ್ಚಿ. ಹನ್ನೆರಡಕ್ಕೂ ಅಚ್ಚಿನ ತಲೆ ಒಂದೇ ಕಡೆಗಿರಲಿ. ಎರಡು ಫಾರಂ ತಲೆಕೆಳಗಾದರೆ ಹೊಲಿದ ಮೇಲೆ ಬೆನ್ನು ಮೆಟ್ಟಿಲಾಗುತ್ತದೆ.

60–73, 137–150ರ ನಡುವೆ ಲಾಡಿ ಕೂರುತ್ತದೆ. ಸೂಜಿ 15ರಲ್ಲಿ ಒಳಕ್ಕೆ, 60ರಲ್ಲಿ ಹೊರಕ್ಕೆ, ಲಾಡಿ ದಾಟಿ 73ರಲ್ಲಿ ಒಳಕ್ಕೆ, ಹಾಗೇ ಮುಂದುವರಿದು 195ರಲ್ಲಿ ಹೊರಗೆ. ಎರಡನೇ ಫಾರಂ ಮೇಲಿಟ್ಟು ವಾಪಸು ಬನ್ನಿ, 15ರಲ್ಲಿ ಬಿಟ್ಟ ದಾರದ ತುದಿಗೆ ಗಂಟು ಹಾಕಿ. ಮೂರನೆಯದರಿಂದ ಪ್ರತಿ ಸಾಲಿನ ಕೊನೆಯಲ್ಲಿ ಸೂಜಿಯನ್ನು ಕೆಳಗಿನ ಎರಡು ಫಾರಂಗಳ ನಡುವೆ ತೂರಿಸಿ, ಕುಣಿಕೆಯೊಳಗಿಂದ ತೆಗೆದು ಬಿಗಿಯಿರಿ. ಬೈಂಡರ್‌ಗಳು ಕೆಟಲ್ ಹೊಲಿಗೆ ಅನ್ನುವುದು ಇದಕ್ಕೆ. ದಾರವನ್ನು ಎಳೆಯುವುದು ಯಾವಾಗಲೂ ಮಡಿಕೆಯ ಉದ್ದಕ್ಕೆ. ನಿಮ್ಮ ಕಡೆಗೆ ಎಳೆದಿರೋ ಕಾಗದ ಹರಿಯುತ್ತದೆ. ಎರಡೂವರೆ ಮೀಟರ್ ಒಟ್ಟಿಗೆ ಪೋಣಿಸಿದರೆ ಸಿಕ್ಕಾಗಿ ಜೀವ ತಿನ್ನುತ್ತದೆ, ಅರ್ಧ ಅರ್ಧ ಮಾಡಿ ನೇಕಾರರ ಗಂಟಿನಲ್ಲಿ ಸೇರಿಸಿ. ಗಂಟು ಬೆನ್ನಿನ ಹೊರಗೆ ಬೀಳಲಿ.

ಹೊಲಿದ ಕಟ್ಟಿನ ಎರಡೂ ಬದಿಗೆ ಹಲಗೆ ಇಟ್ಟು ಒತ್ತಿ ಬೆನ್ನಿನ ದಪ್ಪ ಅಳೆಯಿರಿ. 80 ಜಿಎಸ್‌ಎಂನ ಒಂದು ಎಲೆ ಸುಮಾರು 0.1 ಮಿ.ಮೀ., 96 ಎಲೆಗೆ ಹತ್ತರ ಹತ್ತಿರ. ದಾರದ ಉಬ್ಬು ಸೇರಿ ನಮ್ಮದು 12 ಬಂತು. ನಿಮ್ಮದು 13 ಬಂದರೆ ಮುಂದಿನ ಲೆಕ್ಕದಲ್ಲೂ 13.

ಅಂಟು, ಮತ್ತು ಮೈಲುತುತ್ತದ ವಿಷಯ

ಬೆನ್ನಿಗೆ ತೆಳ್ಳಗೆ ಪಿವಿಎ, ಬೆರಳಿನಿಂದ ಫಾರಂಗಳ ನಡುವಿನ ಸಂದಿಗೆ ತಿಕ್ಕಿ. ಹದಿನೈದು ನಿಮಿಷದ ಮೇಲೆ ಇನ್ನೊಂದು ಪದರ ಹಚ್ಚಿ, ಅದರ ಮೇಲೆ 70 × 180 ಮಿ.ಮೀ. ಗಾಜ್ ಬಟ್ಟೆ ಅಂಟಿಸಿ. ಬಟ್ಟೆಯ ರೆಕ್ಕೆ ಎರಡು ಪಕ್ಕಕ್ಕೂ ಸಮನಾಗಿ ಉಳಿಯಬೇಕು. ಮೊದಲ ಫಾರಂನ ಮುಂದೆ, ಕೊನೆಯದರ ಹಿಂದೆ ದಪ್ಪ ಕಾಗದದ ಒಂದೊಂದು ಮಡಚಿದ ಹಾಳೆಯನ್ನು ಬೆನ್ನಿನ ಅಂಚಿಗೆ 4 ಮಿ.ಮೀ. ಅಗಲ ಅಂಟು ಸವರಿ ಕೂರಿಸಿ. ಆಮೇಲೆ ರಟ್ಟಿಗೆ ಅಂಟುವುದು ಇದೇ.

ರಟ್ಟಿಗೆ ಬಟ್ಟೆ ಅಂಟಿಸಲು ಬರೀ ಪಿವಿಎ ಬೇಗ ಕಚ್ಚಿಕೊಳ್ಳುತ್ತದೆ, ಸರಿಪಡಿಸಲು ಸಮಯ ಕೊಡುವುದಿಲ್ಲ. ಮೈದಾ ಒಂದು ಅಳತೆ, ನೀರು ಐದು ಅಳತೆ, ಸಣ್ಣ ಉರಿಯಲ್ಲಿ ಕೈಬಿಡದೆ ಎಂಟು ಹತ್ತು ನಿಮಿಷ ಕೆದಕಿದರೆ ಬಿಳುಪು ಹೋಗಿ ಮಂಕು ಗಾಜಿನ ಹಾಗಾಗುತ್ತದೆ. ಆರಿಸಿ, ಚಹಾ ಜಾಲರಿಯಲ್ಲಿ ಸೋಸಿ, ಸಮಪಾಲು ಪಿವಿಎ ಬೆರೆಸಿ. ಎರಡು ದಿನಕ್ಕಿಂತ ಇಡಬೇಡಿ, ಹುಳಿ ಬರುತ್ತದೆ.

ಹಳೇ ಬೈಂಡರ್‌ಗಳು ಈ ಗಂಜಿಗೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು, ಹುಳ ಬೀಳದಿರಲಿ ಎಂದು. ಕಾಫಿ, ಅಡಿಕೆ ಇರುವ ಮನೆಯಲ್ಲಿ ಮೈಲುತುತ್ತಕ್ಕೆ ಬರವಿಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದದ್ದು ಕೊಟ್ಟಿಗೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಕೈ ಅತ್ತ ಹೋಗುವುದು ಸಹಜ. ಹಾಕಬೇಡಿ. ತಾಮ್ರ ಕಾಗದದ ಸೆಲ್ಯುಲೋಸನ್ನು ಬೇಗ ಆಕ್ಸಿಡೀಕರಣಕ್ಕೆ ತಳ್ಳುತ್ತದೆ. ಹುಳ ಬರುವುದಿಲ್ಲ ನಿಜ, ಅಂಟು ತಾಗಿದ ಕಡೆಯೆಲ್ಲ ಕಾಗದ ಕಂದಾಗಿ ಪುಡಿಯಾಗುತ್ತದೆ. ಹುಳಕ್ಕೆ ಊಟ ಹಾಕದಿರಲು ಗಂಜಿಯನ್ನು ತೆಳ್ಳಗೆ ಸವರುವುದು, ಬೆನ್ನಿಗೆ ಗಂಜಿ ಬಳಸದಿರುವುದು, ಇವೆರಡೇ ದಾರಿ.

ರಟ್ಟು: 145 × 216 ಮಿ.ಮೀ. ಎರಡು, ಬೆನ್ನಿಗೆ 12 × 216 ಒಂದು. ಇವುಗಳ ನಾರೂ ಉದ್ದಕ್ಕೇ. ನಡುವೆ ಎರಡೂ ಕಡೆ 8 ಮಿ.ಮೀ. ಕೀಲಿನ ಸಂದಿ. ಬಟ್ಟೆ ಅಗಲಕ್ಕೆ 145+8+12+8+145, ಜೊತೆಗೆ ಮಡಚಲು ಆಚೀಚೆ 15 ಸೇರಿ 348 ಮಿ.ಮೀ., ಎತ್ತರಕ್ಕೆ 246. ಸಂದಿಯನ್ನು 5 ಮಿ.ಮೀ.ಗೆ ಇಳಿಸಿದರೆ ವಹಿ ನೋಡಲು ಅಚ್ಚುಕಟ್ಟು, ಆದರೆ ಬಿಚ್ಚಿದಾಗ ರಟ್ಟು ಮೊದಲ ಫಾರಂ ಅನ್ನು ಎಳೆದು ಕೀಳುತ್ತದೆ. ಬಟ್ಟೆ ಹಾಕಿದ ರಟ್ಟು ಒಣಗುತ್ತ ಹೊರಕ್ಕೆ ಬಾಗಿದರೆ ಹೆದರಬೇಡಿ. ಒಳಬದಿಗೆ ದಪ್ಪ ಕಾಗದ ಅಂಟಿಸಿದಾಗ ಆ ಎಳೆತ ಇದನ್ನು ಸರಿದೂಗಿಸುತ್ತದೆ. ಒಳಗಿನ ಕಾಗದ ಅಂಟಿಸಿದ ಮೇಲೆ ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು (ಇಲ್ಲದಿದ್ದರೆ ತೇವ ಒಳಪುಟಗಳಿಗೆ ಇಳಿಯುತ್ತದೆ) ರುಬ್ಬುಗುಂಡು ಹೇರಿ ಒಂದು ದಿನ, ಮಳೆಗಾಲದಲ್ಲಿ ಎರಡು ಮೂರು. ಹಿಂದಿನ ರಟ್ಟಿನ ಅಂಚಿಗೆ, ಒಳಕಾಗದ ಅಂಟಿಸುವ ಮೊದಲೇ, ಲಾಡಿಯ ಕುಣಿಕೆ ಸೇರಿಸಿ. ಪೆನ್ಸಿಲ್ ಅಲ್ಲಿರಬೇಕು. ವಹಿಯ ಜೊತೆಗೇ ಪೆನ್ಸಿಲ್ ಇಲ್ಲದಿದ್ದರೆ ಈವರೆಗಿನ ಹೊಲಿಗೆಯೆಲ್ಲ ವ್ಯರ್ಥ.

ಗೆರೆ ಹಾಕುವುದು

1ರಿಂದ 11ನೇ ಪುಟ ಸೂಚಿಗೆ. 12ರಿಂದ 191ರವರೆಗೆ ಎದುರುಬದುರು ಎರಡು ಪುಟಕ್ಕೆ ಒಂದು ಪುಸ್ತಕ, ಒಟ್ಟು 90. ಕೊನೆಯ 192ನೇ ಪುಟ ಎರವಲು ಕೊಟ್ಟ ಪುಸ್ತಕಗಳ ಲೆಕ್ಕಕ್ಕೆ. ಯಾರಿಗೆ, ಯಾವಾಗ, ಬಂತೇ. (ಈ ಪುಟ ಎಲ್ಲಕ್ಕಿಂತ ಮೊದಲು ತುಂಬುತ್ತದೆ.)

ಸೂಚಿಯನ್ನು ಲೇಖಕರ ಹೆಸರಿನಲ್ಲಿ ಇಡಿ. ಶೀರ್ಷಿಕೆ ಮರೆಯುತ್ತದೆ, ಬರೆದವರು ಮರೆಯುವುದು ಕಡಿಮೆ. ಆದರೆ ಕನ್ನಡದಲ್ಲಿ ಇನಿಷಿಯಲ್ ಕಾಟ. ಎಸ್., ಎಂ., ಎನ್., ಎಲ್., ಎಚ್., ಎ. ಎಲ್ಲವೂ 'ಎ' ಅಕ್ಷರಕ್ಕೆ ಬಂದು ಬೀಳುತ್ತವೆ. ಇದ್ದಹಾಗೇ ಬರೆದರೆ ಅರ್ಧ ಸೂಚಿ ಅಲ್ಲೇ ಗುಡ್ಡೆ. ಕರೆಯುವ ಹೆಸರು ಮುಂದೆ, ಇನಿಷಿಯಲ್ ಹಿಂದೆ: 'ಭೈರಪ್ಪ, ಎಸ್.ಎಲ್.' ಎಂದು ಭ ಅಕ್ಷರಕ್ಕೆ, 'ತೇಜಸ್ವಿ, ಕೆ.ಪಿ. ಪೂರ್ಣಚಂದ್ರ' ಎಂದು ತ ಅಕ್ಷರಕ್ಕೆ. ಕಾವ್ಯನಾಮ ಇದ್ದವರಿಗೆ ಕಾವ್ಯನಾಮವೇ. ಹನ್ನೊಂದು ಪುಟದ ಹಂಚಿಕೆ: ಸ್ವರಗಳಿಗೆ 2, ಕ ವರ್ಗಕ್ಕೆ 2, ಚ ಮತ್ತು ಟ ವರ್ಗ ಸೇರಿ 1 (ಟ ವರ್ಗಕ್ಕೆ ಗಿರಾಕಿ ಕಡಿಮೆ), ತ ವರ್ಗಕ್ಕೆ 1, ಪ ವರ್ಗಕ್ಕೆ 2, ಯ ದಿಂದ ಳ ವರೆಗೆ 3.

ಎಡಪುಟದ ಮೇಲ್ಭಾಗದಲ್ಲಿ ಐದೇ ಸಾಲು: ಶೀರ್ಷಿಕೆ, ಲೇಖಕ, ಅನುವಾದಕ, ಪ್ರಕಾಶಕ, ವರ್ಷ, ಎಷ್ಟನೇ ಮುದ್ರಣ, ಪುಟ, ಎಲ್ಲಿಂದ ಬಂತು, ಶುರುವಾದ ದಿನ, ಮುಗಿದ ದಿನ. ಅನುವಾದಕರಿಗೆ ಜಾಗ ಮೊದಲೇ ಬಿಡಿ, ಇಲ್ಲದಿದ್ದರೆ ಆ ಹೆಸರು ಬರೆಯುವುದೇ ಇಲ್ಲ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಬಂದ ಅಂತರರಾಷ್ಟ್ರೀಯ ಬುಕರ್‌ನ 50,000 ಪೌಂಡ್ ಅನುವಾದಕಿ ದೀಪಾ ಭಾಸ್ತಿ ಅವರ ಜೊತೆ ಸಮಪಾಲಾಯಿತು. ಬಹುಮಾನದವರೇ ಅರ್ಧ ಕೊಡುವಾಗ ವಹಿಯಲ್ಲಿ ಅರ್ಧ ಸಾಲು ಕೊಡಲು ಅಡ್ಡಿಯೇನು.

ಮುದ್ರಣದ ವಿವರ ಬರೆಯುವುದು ಶಾಸ್ತ್ರಕ್ಕಲ್ಲ. ಕನ್ನಡ ಪುಸ್ತಕ ಮರುಮುದ್ರಣಕ್ಕೆ ಹೋದಾಗ ಹೊಸದಾಗಿ ಅಕ್ಷರ ಜೋಡಿಸಿದರೆ ಪುಟ ಸಂಖ್ಯೆ ಬದಲಾಗುತ್ತದೆ. ಮೂರನೇ ಮುದ್ರಣದ 61ನೇ ಪುಟದ ಮಾತು ಆರನೇ ಮುದ್ರಣದಲ್ಲಿ 57ಕ್ಕೆ ಬಂದಿರಬಹುದು. ಮುದ್ರಣ ಹೇಳದ ಪುಟ ಸಂಖ್ಯೆ ಓದುಗರ ದಾರಿ ತಪ್ಪಿಸುತ್ತದೆ. ಶೀರ್ಷಿಕೆ ಪುಟದ ಬೆನ್ನಿಗೆ ಇದೆಲ್ಲ ಇರುತ್ತದೆ. ಕನ್ನಡದಲ್ಲಿ '1/8 ಡೆಮಿ, 70 ಜಿಎಸ್‌ಎಂ ಮ್ಯಾಪ್‌ಲಿಥೋ' ಎಂದು ಪುಸ್ತಕದ ಅಳತೆ, ಕಾಗದವನ್ನೂ ಹೇಳುವ ರೂಢಿಯಿದೆ. ಹಳೇ ಪುಸ್ತಕದಲ್ಲಿ ಐಎಸ್‌ಬಿಎನ್ ಹುಡುಕಬೇಡಿ.

ಎಡಪುಟದ ಉಳಿದ ಭಾಗ ಖಾಲಿ. ಬಲಪುಟದಲ್ಲಿ ಅಂಚಿನಿಂದ 18 ಮಿ.ಮೀ.ಗೆ ಒಂದು ನೆಟ್ಟಗೆರೆ, ಅದರ ಎಡಕ್ಕೆ ಪುಟ ಸಂಖ್ಯೆ, ಬಲಕ್ಕೆ ಆರು ಪದ ಮೀರದ ಟಿಪ್ಪಣಿ. ಕೆಳಗಿನ 40 ಮಿ.ಮೀ. ಪುಸ್ತಕ ಮುಗಿದ ದಿನ ಬರೆಯುವ ಮೂರು ಸಾಲಿಗೆ.

ವೇಗದ ಲೆಕ್ಕವೂ ಇಲ್ಲೇ. ಮೊದಲ ಹತ್ತು ಪುಟಕ್ಕೆ ಗಡಿಯಾರ ನೋಡಿ. ಹತ್ತು ಪುಟಕ್ಕೆ 18 ನಿಮಿಷ ಹಿಡಿಯಿತು, ಪುಸ್ತಕ 240 ಪುಟ ಎಂದರೆ 432 ನಿಮಿಷ. ದಿನಕ್ಕೆ ಅರ್ಧ ಗಂಟೆ ಸಿಕ್ಕರೆ 15 ದಿನ. ಆ ತಾರೀಖನ್ನು 'ಮುಗಿದ ದಿನ'ದ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ ಬರೆದರೆ ಗ್ರಂಥಾಲಯದ ಪುಸ್ತಕಕ್ಕೆ ದಂಡ ಬೀಳುವುದಿಲ್ಲ. 50 ಪುಟಕ್ಕೂ ಹಿಡಿಯದ ಪುಸ್ತಕವನ್ನು ಬಿಡಿ, ಆದರೆ ಯಾವ ಪುಟದಲ್ಲಿ ಬಿಟ್ಟಿರಿ, ಏಕೆ ಎಂದು ಒಂದು ಸಾಲು ಬರೆದೇ ಬಿಡಿ.

ಚೀಟಿ

ವಹಿಯನ್ನು ಬಸ್ಸಿಗೆ ಒಯ್ಯಲಾಗದು. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ಓದುವುದೇ ಸಾಹಸ, ಬರೆಯುವುದು ದೂರದ ಮಾತು. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಾಡಿದರೆ 74 × 105 ಮಿ.ಮೀ. ಅಳತೆಯ ಎಂಟು ಚೀಟಿ. ಓದುವ ಪುಸ್ತಕದಲ್ಲಿ ಒಂದು ಚೀಟಿ, ಅದೇ ಪುಟಗುರುತು ಕೂಡ. ಬೇರೆ ಪುಟಗುರುತು ಇಟ್ಟರೆ ಚೀಟಿ ಬಿದ್ದುಹೋಗುತ್ತದೆ.

ಚೀಟಿಯಲ್ಲಿ ನಾಲ್ಕೇ ಸಂಕೇತ: ಮಾ (ಎತ್ತಿ ಹೇಳಬೇಕಾದ ಮಾತು), ಪ್ರ (ಪ್ರಶ್ನೆ), ತ (ತಪ್ಪಿರಬಹುದು, ನೋಡಬೇಕು), ಕೊ (ಇನ್ನೊಂದು ಪುಟಕ್ಕೆ ಕೊಂಡಿ). ಮಾದರಿಗೆಂದು, ಇಲ್ಲದ ಒಂದು ಕಾಫಿ ತೋಟದ ಕಾದಂಬರಿಗೆ ಕಟ್ಟಿದ ಚೀಟಿ ಹೀಗಿದೆ (ರೈಟರ್ ಅಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತ):

34 ತ – ಜೂನ್ ಮಳೆಯಲ್ಲಿ ಹಣ್ಣು ಕೊಯ್ಲು?
61 ಮಾ – ಉಪ್ಪಿನ ಭರಣಿ, ಒಲೆಯ ಎಡಕ್ಕೆ
88 ಪ್ರ – ರೈಟರ ಹೆಂಡತಿ ಎಲ್ಲಿ ಹೋದಳು
142 ಕೊ 61 – ಭರಣಿ ಒಡೆಯಿತು

ವಾರಕ್ಕೊಮ್ಮೆ ಚೀಟಿಯನ್ನು ಬಲಪುಟಕ್ಕೆ ಇಳಿಸಿ. ಇಳಿಸುವಾಗ ಅರ್ಧ ಟಿಪ್ಪಣಿ ಪೇಲವ ಅನ್ನಿಸುತ್ತದೆ, ಅವನ್ನು ಬಿಡಿ. ಈ ಸೋಸುವಿಕೆಯೇ ವಿಮರ್ಶೆಯ ಮೊದಲ ಕರಡು.

ಚೀಟಿಯಿಂದ ವಿಮರ್ಶೆಗೆ

ಪುಸ್ತಕ ಮುಗಿದ ದಿನವೇ ಬಲಪುಟದ ಕೆಳಗೆ ಮೂರು ಸಾಲು: ಇದು ಏನು ಮಾಡಲು ಹೊರಟಿತ್ತು, ಏನು ಮಾಡಿತು, ಯಾರು ಓದಬೇಕು. ಪೂರ್ತಿ ವಿಮರ್ಶೆಗೆ ಐದು ದಿನದ ಗಡುವು. ಅದೇ ದಿನ ಬರೆದರೆ ಕೊನೆಯ ಅಧ್ಯಾಯದ ಬಿಸಿ ಇನ್ನೂ ಆರಿರುವುದಿಲ್ಲ, ಹತ್ತು ದಿನ ಬಿಟ್ಟರೆ ಟಿಪ್ಪಣಿ ಬರೆದವರಿಗೇ ಅರ್ಥವಾಗದು.

ಸುಮಾರು 580 ಪದದ ಅಂದಾಜು: ಪುಸ್ತಕ ಯಾವ ಬಗೆಯದು, ಎಲ್ಲಿ ನಡೆಯುತ್ತದೆ 60, ವಸ್ತು 120, ಕಥೆಯಾದರೆ ಮೊದಲ ಮೂರನೇ ಒಂದು ಭಾಗ ದಾಟಬೇಡಿ, ಹೇಗೆ ಕಟ್ಟಿದೆ ಎಂಬುದಕ್ಕೆ 250, ಎರಡು ಉದ್ಧರಣೆ ಸಹಿತ, ಸೋತ ಕಡೆ 100, ಮುದ್ರಣ, ಕಾಗದ, ಅಚ್ಚುತಪ್ಪು 50. ಉದ್ಧರಿಸಲು ಹೆದರಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಅರ್ಧ ಅಧ್ಯಾಯ ನಕಲು ಹೊಡೆಯುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿ ಕೆಡುವುದು ಹೆಚ್ಚಾಗಿ ವಾಕ್ಯದಲ್ಲಿ. 'ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ', 'ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗದು', 'ಕನ್ನಡ ಸಾರಸ್ವತ ಲೋಕಕ್ಕೆ ಅಮೂಲ್ಯ ಕೊಡುಗೆ', 'ಮುಖಪುಟ ಅರ್ಥಪೂರ್ಣವಾಗಿದೆ', 'ಲೇಖಕರಿಂದ ಇನ್ನಷ್ಟು ಕೃತಿಗಳು ಬರಲಿ'. ಇವು ಬಿಡುಗಡೆ ಸಮಾರಂಭದಿಂದ ಶಾಲು, ಹಾರದ ಜೊತೆ ಬಂದ ಮಾತುಗಳು. ಪರೀಕ್ಷೆ ಸರಳ. ವಾಕ್ಯದಲ್ಲಿ ಪುಸ್ತಕದ ಹೆಸರು ತೆಗೆದು ಕಪಾಟಿನ ಇನ್ನೊಂದು ಪುಸ್ತಕದ ಹೆಸರು ಹಾಕಿ. ಆಗಲೂ ನಿಂತರೆ ಆ ವಾಕ್ಯ ಹೊಡೆದುಹಾಕಿ.

ಮೇಲಿನ ಚೀಟಿಯ ಮೇಲೇ ನೋಡಿ. ಮೊದಲ ಕರಡು: 'ಲೇಖಕರು ತೋಟದ ಬದುಕನ್ನು ಅತ್ಯಂತ ಸಹಜವಾಗಿ ಕಟ್ಟಿಕೊಟ್ಟಿದ್ದಾರೆ.' ಯಾವ ಕಾದಂಬರಿಗೂ ನಿಲ್ಲುತ್ತದೆ. ಚೀಟಿ ಎದುರಿಗಿಟ್ಟು ಬರೆದದ್ದು (ಲೈನ್‌ಮನೆ ಅಂದರೆ ತೋಟದ ಆಳುಗಳ ಸಾಲುಮನೆ): 'ಲೈನ್‌ಮನೆಯ ಒಳಗೆ ಈ ಕಾದಂಬರಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ. ಒಲೆಯ ಎಡಕ್ಕೆ ಇಟ್ಟ ಉಪ್ಪಿನ ಭರಣಿ (ಪು. 61) ಎಂಬತ್ತು ಪುಟ ಆದಮೇಲೆ ಒಡೆದಾಗ ಒಡೆದದ್ದು ಏನು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಬಾಗಿಲು ದಾಟಿ ತೋಟಕ್ಕೆ ಇಳಿದಾಗ ಮಾತ್ರ ಕಾಲು ಜಾರುತ್ತದೆ. ಪುಟ 34ರಲ್ಲಿ ಜೂನ್ ಮಳೆಗೆ ಹಣ್ಣು ಕೊಯ್ಯುತ್ತಾರೆ.'

ಆ 'ತ' ಗುರುತನ್ನು ಅಚ್ಚಿಗೆ ಕೊಡುವ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಇಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೇಸಿಗೆಯದ್ದು, ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಅದರ ಹಿಂದೆ. ಜೂನ್‌ನಲ್ಲಿ ಗಿಡದ ಮೇಲಿರುವುದು ಹಸಿರು ಕಾಯಿ. ಇದು ತೋಟದ ನಡುವೆ ಇರುವ ಓದುಗರಿಗೆ ತಾನಾಗಿ ಕಾಣುವ ತಪ್ಪು, ಬೆಂಗಳೂರಿನಲ್ಲಿ ಕೂತು ಬರೆಯುವ ವಿಮರ್ಶೆಯಲ್ಲಿ ಸಿಗದೆ ಹೋಗಬಹುದು. ಆದರೆ ಒಂದು ತಪ್ಪು ಹಿಡಿದ ಖುಷಿಗೆ ಅದನ್ನೇ ಮೂರು ಪ್ಯಾರಾ ಎಳೆಯಬೇಡಿ, ಒಂದು ಸಾಲಿನ ಸರಕು ಅದು. 88ರ ಪ್ರಶ್ನೆ ಅದಕ್ಕಿಂತ ದೊಡ್ಡದು. ರೈಟರ ಹೆಂಡತಿ ಕಥೆಯಿಂದ ಬಿದ್ದುಹೋದದ್ದು ಲೇಖಕರ ಮರೆವೋ ಉದ್ದೇಶವೋ ಎಂಬುದನ್ನು ಹುಡುಕಲು ಮತ್ತೊಮ್ಮೆ ಪುಟ ತಿರುವಲೇಬೇಕು. ಸೋತ ಕಡೆಗಿರುವ ನೂರು ಪದ ಹೋಗಬೇಕಾದ್ದು ಇಲ್ಲಿಗೆ.

ಕಂಪ್ಯೂಟರಿಗೆ ಇಳಿಸುವಾಗ ಯೂನಿಕೋಡ್‌ನಲ್ಲೇ ಟೈಪಿಸಿ. ಹಳೇ ನುಡಿ ಫಾಂಟಿನ ಕಡತ ಇನ್ನೊಂದು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಹುಗ್ಗಿಯಾಗಿ ತೆರೆಯುತ್ತದೆ, ಹುಡುಕಿದರೆ ಒಂದು ಪದವೂ ಸಿಗದು.

ನಡುವೆ ಪುಸ್ತಕವೇ ಬಿಚ್ಚಿಹೋದರೆ

ಈಗಿನ ಪೇಪರ್‌ಬ್ಯಾಕ್‌ಗಳಲ್ಲಿ ಹೊಲಿಗೆ ಇರುವುದು ಅಪರೂಪ. ಬಿಸಿ ಅಂಟಿನ ಬೆನ್ನು ಒಣಗಿ ಬಿರಿದರೆ ಪುಟಗಳು ಕಂತೆ ಕಂತೆಯಾಗಿ ಕೈಗೆ ಬರುತ್ತವೆ. ಸೆಲ್ಲೋಟೇಪ್ ಹಚ್ಚಬೇಡಿ, ಕೆಲವೇ ವರ್ಷದಲ್ಲಿ ಹಳದಿಯಾಗಿ ಗೋಂದು ಅಕ್ಕಪಕ್ಕದ ಪುಟಕ್ಕೆ ಹರಿಯುತ್ತದೆ. ರಕ್ಷಾಪುಟ ಬಿಡಿಸಿ, ಹಳೇ ಅಂಟನ್ನು ಬ್ಲೇಡಿನಿಂದ ಕೆರೆದು, ಪುಟಗಳನ್ನು ನಾಲ್ಕೂ ಬದಿ ತಟ್ಟಿ ಸಮ ಮಾಡಿ ಎರಡು ರಟ್ಟಿನ ನಡುವೆ ಹಿಡಿಯಿರಿ. ಬೆನ್ನನ್ನು ಒಂದು ಕಡೆಗೆ ಬೀಸಣಿಗೆಯಂತೆ ಬಾಗಿಸಿ, ಪ್ರತಿ ಹಾಳೆಯ ಅಂಚು ಕೂದಲೆಳೆಯಷ್ಟು ಹೊರಬಂದಾಗ ಪಿವಿಎ ಸವರಿ. ಆಮೇಲೆ ಇನ್ನೊಂದು ಕಡೆಗೆ ಬಾಗಿಸಿ ಮತ್ತೆ ಸವರಿ. ಹಾಳೆಗೂ ಹಾಳೆಗೂ ನಡುವೆ ಅಂಟು ಒಂದಿಷ್ಟು ಒಳಗೆ ಇಳಿಯುವುದೇ ಇದರ ಗುಟ್ಟು, ಬರೀ ಬೆನ್ನಿಗೆ ಬಳಿದರೆ ಮತ್ತೆ ಬಿಚ್ಚುತ್ತದೆ. ಗಾಜ್ ಬಟ್ಟೆ ಅಂಟಿಸಿ, ಒಂದು ದಿನ ಒತ್ತಿಟ್ಟು, ರಕ್ಷಾಪುಟ ಹಾಕಿ. ಗ್ರಂಥಾಲಯದ ಪುಸ್ತಕವಾದರೆ ಕೈ ಹಾಕದೆ, ಹೇಳಿ ಕೊಡಿ.

ಮಳೆಗಾಲ

ಜೂನ್ ಬಂದರೆ ವಹಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವ ಮನಸ್ಸಾಗುತ್ತದೆ. ಅದೇ ಬೂಸ್ಟಿಗೆ ಆಹ್ವಾನ. ಗಾಳಿಯ ತೇವ ಶೇ. 65 ದಾಟಿ ಹಾಗೇ ನಿಂತರೆ ಬೂಸ್ಟು ಬೆಳೆಯುತ್ತದೆ, ಹೊದಿಕೆಯೊಳಗೆ ಸಿಕ್ಕಿಕೊಂಡ ತೇವಕ್ಕೆ ಹೊರದಾರಿ ಇಲ್ಲ. ಕಪಾಟನ್ನು ಹೊರಗೋಡೆಯಿಂದ ಐದು ಸೆಂ.ಮೀ. ಆಚೆ ಸರಿಸಿ, ಪುಸ್ತಕಗಳನ್ನು ಇರುಕಬೇಡಿ. ನುಸಿಗುಳಿಗೆ ಹುಳಕ್ಕೇನೋ ಆಗುತ್ತದೆ, ಬೂಸ್ಟಿಗೆ ಏನೂ ಮಾಡದು. ಮುಚ್ಚಳದ ಡಬ್ಬಿಯಲ್ಲಿ ಇಡುವುದಾದರೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಾಕಿ. ಹಸಿರಿಗೆ ತಿರುಗಿದಾಗ 120 ಡಿಗ್ರಿ ಒಲೆಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಬೂಸ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕಲೆ ಒಳಕ್ಕಿಳಿಯುತ್ತದೆ. ಮೊದಲು ಗಾಳಿಗೆ ಒಣಗಿಸಿ, ಪುಡಿಯಾದ ಮೇಲೆ ಮನೆಯ ಹೊರಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೃದು ಬ್ರಷ್‌ನಿಂದ ಗುಡಿಸಿ. ಹುಳ ಬಿದ್ದ ಪುಸ್ತಕವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದು ಚೀಲ ಬಿಚ್ಚದೆ ಒಂದು ದಿನ ಬಿಡಬೇಕು, ಇಲ್ಲದಿದ್ದರೆ ಬೆವರು ಪುಸ್ತಕದ ಮೇಲೇ ಕೂರುತ್ತದೆ.

ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹಿಂದಿನ ಪುಟಕ್ಕೆ ಅಚ್ಚೊತ್ತುತ್ತದೆ. ವಹಿಗೆ ಎಚ್‌ಬಿ ಪೆನ್ಸಿಲ್ಲೇ ಸರಿ, ಗ್ರಾಫೈಟ್ ನೀರಿಗೆ ಕರಗದು. ಲಾಡಿಯ ಕುಣಿಕೆ ಮೊದಲ ಮಳೆಗಾಲದಲ್ಲಿ ಹಿಗ್ಗಿ ಪೆನ್ಸಿಲ್ ಜಾರಲು ಶುರುವಾಯಿತು. ಬುಡಕ್ಕೆ ಅಡ್ಡಲಾಗಿ ಎರಡು ಹೊಲಿಗೆ ಹಾಕಿ 3 ಮಿ.ಮೀ. ಬಿಗಿ ಮಾಡಿದ ಮೇಲೆ ನಿಂತಿದೆ.